ಫೋಟೋದಲ್ಲಿ ಕಲೆ ಕಂಡಾಗ: ಒರೆಸುವ ಮೊದಲು ಪತ್ತೆ ಮಾಡಿ

ಚಳಿ ಮುಗಿಯುತ್ತಿದ್ದಂತೆ ಬೆಂಗಳೂರಿನ ರಸ್ತೆಬದಿಯ ಟಬೂಬಿಯಾ ಮರಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ನೀಲಿ ಆಕಾಶವನ್ನು ಹಿನ್ನೆಲೆಗಿಟ್ಟು ಎಲ್ಲರೂ ಫೋಟೋ ತೆಗೆಯುತ್ತಾರೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಆಕಾಶದಲ್ಲಿ ಅಲ್ಲಲ್ಲಿ ಬೂದು ಮಚ್ಚೆ. ಅದು ಅವತ್ತು ಬಂದು ಕೂತ ಧೂಳಲ್ಲ, ತಿಂಗಳುಗಟ್ಟಲೆ ಅಲ್ಲೇ ಇದ್ದದ್ದು. ಮದುವೆ, ನಾಮಕರಣದ ಫೋಟೋಗಳಲ್ಲಿ ಸೀರೆ, ಹೂವು, ಜನಗಳ ನಡುವೆ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಮಾಡುವುದು ಲೆನ್ಸಿನ ಮುಂದಿನ ಗಾಜನ್ನು ಅಂಗಿಯ ತುದಿಯಿಂದ ಉಜ್ಜುವುದು. ಆಮೇಲೆ ಆನ್‌ಲೈನಿನಲ್ಲಿ ಸೆನ್ಸರ್ (ಲೆನ್ಸಿನ ಹಿಂದೆ ಬೆಳಕು ಹಿಡಿದು ಫೋಟೋ ಮಾಡುವ ಚಿಪ್) ಒರೆಸುವ ಕಡ್ಡಿ, ಅಂದರೆ ಸ್ವ್ಯಾಬ್ ತರಿಸುವುದು. ಎರಡೂ ಅವಸರದ ಕೆಲಸ. ದೋಷ ಲೆನ್ಸಿನ ಮುಂದಿನ ಗಾಳಿಯಲ್ಲಿರಬಹುದು, ಲೆನ್ಸಿನೊಳಗಿರಬಹುದು, ಸೆನ್ಸರಿಗೆ ಹೊದಿಸಿದ ಗಾಜಿನ ಮೇಲಿರಬಹುದು, ಸೆನ್ಸರಿನಲ್ಲೇ ಇರಬಹುದು. ಮೆಮೊರಿ ಕಾರ್ಡಿನದೋ ಮಂಟಪದ ದೀಪದ್ದೋ ಆಗಿದ್ದರೂ ಆಶ್ಚರ್ಯವಿಲ್ಲ. ಒಂದೊಂದಕ್ಕೂ ಮದ್ದು ಬೇರೆ. ತಪ್ಪು ಮದ್ದು ಹಾಕಿದರೆ ದುಡ್ಡು ದಂಡ, ಗ್ರಹಚಾರ ಕೆಟ್ಟಿದ್ದರೆ ಸೆನ್ಸರಿನ ಗಾಜಿಗೆ ಗೀರು.

ಮೊದಲು ಒಂದು ಪರೀಕ್ಷೆಯ ಫೋಟೋ

ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿಗೆ ಹಾಕಿ, ಎಫ್/16 ಇಡಿ. ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100. ಎಕ್ಸ್‌ಪೋಷರ್ ಕಾಂಪೆನ್ಸೇಷನ್ +1. ಫೋಕಸ್ ಮ್ಯಾನ್ಯುಯಲ್. ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪುಟ ತೆರೆದು, ಲೆನ್ಸನ್ನು ಪರದೆಯಿಂದ ಒಂದು ಗೇಣು ದೂರ ಹಿಡಿದು, ಫೋಕಸನ್ನು ಅನಂತಕ್ಕೆ ತಿರುಗಿಸಿ. ಆಕಾಶವನ್ನೇ ತೆಗೆಯುವುದಾದರೆ ಉಲ್ಟಾ: ಫೋಕಸನ್ನು ತೀರಾ ಹತ್ತಿರಕ್ಕೆ ತನ್ನಿ. ಎದುರಿಗಿರುವುದು ಮಸುಕಾಗಬೇಕು, ಧೂಳಿನ ನೆರಳು ಮಾತ್ರ ಉಳಿಯಬೇಕು. ಅದಕ್ಕೇ ಶಟರ್ ತೆರೆದಿರುವಾಗ ಕ್ಯಾಮೆರಾವನ್ನು ನಿಧಾನವಾಗಿ ಅತ್ತಿತ್ತ ಆಡಿಸಿ. ಪರದೆಯ ಗೆರೆ, ಗೋಡೆಯ ಸುಣ್ಣದ ಗುಳ್ಳೆ ಎಲ್ಲ ಕಲಸಿಹೋಗುತ್ತವೆ. ಸೆನ್ಸರಿನ ಮೇಲಿನ ಧೂಳು ಕ್ಯಾಮೆರಾದ ಜೊತೆಗೇ ಚಲಿಸುವುದರಿಂದ ಅದರ ನೆರಳು ಕದಲುವುದಿಲ್ಲ.

ಈ ಫೋಟೋವನ್ನು ಕಂಪ್ಯೂಟರಿಗೆ ಹಾಕಿ ಕಾಂಟ್ರಾಸ್ಟ್ ಪೂರ್ತಿ ಏರಿಸಿ, 100 ಪರ್ಸೆಂಟಿಗೆ ದೊಡ್ಡದು ಮಾಡಿ, ಮೂಲೆಯಿಂದ ಮೂಲೆಗೆ ನೋಡಿ. ಫೋಟೋ ತಿದ್ದುವ ಲೈಟ್‌ರೂಮ್ ತಂತ್ರಾಂಶ ಇದ್ದರೆ ಕಲೆ ಅಳಿಸುವ ಹೀಲಿಂಗ್ ಟೂಲಿನಲ್ಲಿ ವಿಶುವಲೈಸ್ ಸ್ಪಾಟ್ಸ್ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಫೋಟೋ ಕಪ್ಪು ಬಿಳುಪಾಗಿ ಕಲೆಗಳೆಲ್ಲ ಉಂಗುರಗಳಾಗಿ ಎದ್ದು ಕಾಣುತ್ತವೆ. ಮೊದಲ ಸಲ ನೋಡಿದವರು ಗಾಬರಿಯಾಗುವುದು ಖಂಡಿತ. ಗಾಬರಿ ಬೇಡ, ಯಾವ ಕ್ಯಾಮೆರಾದಲ್ಲೂ ನಾಲ್ಕಾರು ಕಾಣಿಸಿಯೇ ಕಾಣಿಸುತ್ತವೆ.

ಈಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಎಫ್/2.8 ಅಥವಾ ಎಫ್/4ಕ್ಕೆ ಬಂದಾಗ ಮಚ್ಚೆ ಹಿಗ್ಗಿ, ತೆಳುವಾಗಿ, ಮಾಯವಾದರೆ ಅದು ಧೂಳು. ಲೆನ್ಸ್ ಬದಲಿಸಿದರೂ ಅದೇ ಜಾಗದಲ್ಲಿದ್ದರೆ ಸೆನ್ಸರಿನ ಮೇಲಿದೆ. ಲೆನ್ಸಿನ ಜೊತೆ ಹೋದರೆ ಲೆನ್ಸಿನದು. ಅಪರ್ಚರ್ ಏನೇ ಇಟ್ಟರೂ ಒಂದೇ ಗಾತ್ರದ, ಚೂಪಾದ, ಬಣ್ಣದ ಚುಕ್ಕೆಯಾದರೆ ಪಿಕ್ಸೆಲ್ಲಿನ (ಸೆನ್ಸರಿನಲ್ಲಿ ಬೆಳಕು ಅಳೆಯುವ ಒಂದೊಂದು ಬಿಂದು) ದೋಷ. ಪ್ರತಿ ಫೋಟೋದಲ್ಲೂ ಜಾಗ ಬದಲಾಗುತ್ತಿದ್ದರೆ ಕ್ಯಾಮೆರಾಗೆ ಏನೂ ಆಗಿಲ್ಲ, ಹೊರಗೆ ಹುಡುಕಿ. ಕ್ಯಾಮೆರಾದ ಸ್ಕ್ರೀನಿನಲ್ಲಿ ಕಂಡು ಕಂಪ್ಯೂಟರಿನಲ್ಲಿ ಕಾಣದಿದ್ದರೆ ಕೆಟ್ಟಿರುವುದು ಸ್ಕ್ರೀನು. ವ್ಯೂಫೈಂಡರಿನಲ್ಲಿ ಕಂಡು ಫೋಟೋದಲ್ಲಿ ಇಲ್ಲದಿದ್ದರೆ, ಡಿಎಸ್‌ಎಲ್‌ಆರ್ (ಒಳಗಿನ ಕನ್ನಡಿಯಿಂದ ದೃಶ್ಯವನ್ನು ವ್ಯೂಫೈಂಡರಿಗೆ ಕಳಿಸುವ ಕ್ಯಾಮೆರಾ) ಆದರೆ ಫೋಕಸಿಂಗ್ ಸ್ಕ್ರೀನಿನ ಮೇಲೋ ಕನ್ನಡಿಯ ಮೇಲೋ ಧೂಳು ಕೂತಿದೆ. ಅದರಿಂದ ಫೋಟೋಗೆ ತೊಂದರೆಯಿಲ್ಲ. ಕನ್ನಡಿಯ ಲೇಪ ತುಂಬ ಸೂಕ್ಷ್ಮ, ಅದನ್ನು ಉಜ್ಜುವ ಗೋಜಿಗೇ ಹೋಗಬೇಡಿ.

ಸಣ್ಣ ಅಪರ್ಚರಿನಲ್ಲೇ ಏಕೆ ಕಾಣುತ್ತದೆ ಎಂಬುದಕ್ಕೆ ಲೆಕ್ಕ ಸುಲಭ. ಧೂಳು ಕೂರುವುದು ಪಿಕ್ಸೆಲ್ಲಿನ ಮೇಲಲ್ಲ, ಅದರ ಮುಂದಿರುವ ಫಿಲ್ಟರ್ ಗಾಜಿನ ಮೇಲೆ. ನಡುವಿನ ದೂರ 1 ಮಿ.ಮೀ. ಎಂದುಕೊಳ್ಳಿ. ಎಫ್/2.8ರಲ್ಲಿ ಒಂದು ಪಿಕ್ಸೆಲ್ಲಿಗೆ ಬರುವ ಬೆಳಕು ಆ ಗಾಜಿನ ಮಟ್ಟದಲ್ಲಿ ಸುಮಾರು 0.36 ಮಿ.ಮೀ. ಅಗಲವಾಗಿರುತ್ತದೆ. 0.05 ಮಿ.ಮೀ.ನ ಧೂಳಿನ ಕಣ ಅದರಲ್ಲಿ ತಡೆಯುವುದು ಶೇ. 2ರಷ್ಟು ಬೆಳಕನ್ನು, ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಎಫ್/16ರಲ್ಲಿ ಆ ಅಗಲ 0.06 ಮಿ.ಮೀ.ಗೆ ಇಳಿಯುತ್ತದೆ, ಅದೇ ಕಣ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುತ್ತದೆ. ಹಾಗಾಗಿ ಸದಾ ಎಫ್/2.8, ಎಫ್/4ರಲ್ಲೇ ಭಾವಚಿತ್ರ ತೆಗೆಯುವವರು ಎಫ್/16ರ ಪರೀಕ್ಷೆಯಲ್ಲಿ ಕಂಡ ಸಣ್ಣಪುಟ್ಟ ಕಲೆಗೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಭೂದೃಶ್ಯ, ಮ್ಯಾಕ್ರೋ, ವಸ್ತುಗಳ ಫೋಟೋ ತೆಗೆಯುವವರು ಕೆಡಿಸಿಕೊಳ್ಳಲೇಬೇಕು.

ಸೆನ್ಸರಿನ ಧೂಳು ತೆಗೆಯುವ ಕ್ರಮ

ಕ್ಯಾಮೆರಾದಲ್ಲೇ ಇರುವ ಸೆನ್ಸರ್ ಕ್ಲೀನಿಂಗ್‌ನಿಂದ ಶುರು ಮಾಡಿ. ಸೆನ್ಸರಿನ ಮುಂದಿನ ಗಾಜನ್ನು ಅತಿವೇಗವಾಗಿ ನಡುಗಿಸಿ ಧೂಳನ್ನು ಕೆಡವುವ ಈ ಏರ್ಪಾಡು 2003ರ ಒಲಿಂಪಸ್ ಇ-1 ಕ್ಯಾಮೆರಾದಲ್ಲಿ ಮೊದಲು ಬಂತು. ಈಗ ಲೆನ್ಸ್ ಬದಲಿಸುವ ಬಹುತೇಕ ಕ್ಯಾಮೆರಾಗಳಲ್ಲಿದೆ. ಕ್ಯಾಮೆರಾವನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟು ಮೂರು ನಾಲ್ಕು ಸಲ ಮಾಡಿ, ಮತ್ತೆ ಪರೀಕ್ಷೆಯ ಫೋಟೋ ತೆಗೆಯಿರಿ. ಒಣ ಧೂಳಿನ ಒಂದಷ್ಟು ಇಲ್ಲೇ ಹೋಗುತ್ತದೆ.

ಹೋಗದಿದ್ದರೆ ಬ್ಲೋವರ್. ರಬ್ಬರಿನ, ಕೈಯಲ್ಲಿ ಒತ್ತುವ, ಹಿಂದೆ ಗಾಳಿ ಎಳೆಯುವ ವಾಲ್ವ್ ಇರುವ ದೊಡ್ಡ ಗಾತ್ರದ್ದು ತಗೊಳ್ಳಿ. ಕ್ಲೀನಿಂಗ್ ಕಿಟ್ಟಿನ ಜೊತೆ ಬರುವ ನಿಂಬೆಹಣ್ಣಿನಷ್ಟು ಬುರುಡೆಗೆ ಗಾಳಿಯ ರಭಸ ಸಾಲದು. ಕೋಣೆಯ ಫ್ಯಾನ್ ಆರಿಸಿ, ಕಿಟಕಿ ಹಾಕಿ, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ. ಎದುರಿಗೇ ಮೆಟ್ರೋ ಕಾಮಗಾರಿಯೋ ಹೊಸ ಅಪಾರ್ಟ್‌ಮೆಂಟೋ ಏಳುತ್ತಿದ್ದರೆ ಬೆಳಗಿನ ಜಾವವೇ ವಾಸಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ: ಡಿಎಸ್‌ಎಲ್‌ಆರ್‌ನಲ್ಲಿ ಮೆನುವಿನ ಮ್ಯಾನ್ಯುಯಲ್ ಕ್ಲೀನಿಂಗ್‌ನಿಂದ ಕನ್ನಡಿ ಎತ್ತಿ ಶಟರ್ ತೆರೆದಿಟ್ಟಿರುತ್ತೀರಿ, ನಡುವೆ ಬ್ಯಾಟರಿ ಸತ್ತರೆ ಕನ್ನಡಿ, ಶಟರ್ ಎರಡೂ ಬಂದು ನಿಮ್ಮ ಸಾಮಾನಿನ ಮೇಲೆ ಬೀಳುತ್ತವೆ. ಬಲ್ಬ್ ಮೋಡಿನಲ್ಲಿ ಬಟನ್ ಒತ್ತಿಹಿಡಿದು ಕ್ಲೀನ್ ಮಾಡುವ ಹಳೆಯ ಉಪಾಯ ಅಪಾಯದ್ದು, ಬಿಡಿ. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾದಲ್ಲೂ ಮೆನುವಿನ ಕ್ಲೀನಿಂಗ್ ಆಯ್ಕೆಯ ಮೂಲಕವೇ ಹೋಗಿ. ಕೆಲವು ಮಾಡೆಲ್‌ಗಳು ಆಫ್ ಮಾಡಿದೊಡನೆ ಶಟರ್ ಪರದೆಯನ್ನು ಸೆನ್ಸರಿನ ಮುಂದೆ ತರುತ್ತವೆ. ಆ ಪರದೆ ಕಾಗದದಷ್ಟು ತೆಳು. ಬೆರಳು, ಬ್ರಷ್ಷು, ಬ್ಲೋವರಿನ ತುದಿ ಯಾವುದೂ ಅದಕ್ಕೆ ತಾಗಬಾರದು.

ಬ್ಲೋವರನ್ನು ಮೊದಲು ಹೊರಗೆ ನಾಲ್ಕು ಸಲ ಒತ್ತಿ ಒಳಗಿನ ಧೂಳು ತೆಗೆಯಿರಿ. ಕ್ಯಾಮೆರಾದ ಬಾಯಿ ನೆಲದ ಕಡೆಗಿರಲಿ, ಬಿದ್ದದ್ದು ಮತ್ತೆ ಒಳಗೆ ಕೂರಬಾರದು. ಬ್ಲೋವರಿನ ತುದಿ ಲೆನ್ಸ್ ಕೂರುವ ಮೌಂಟಿನ ಉಂಗುರ ದಾಟಿ ಒಳಗೆ ಹೋಗಬಾರದು. ಹತ್ತು ಹದಿನೈದು ಸಲ ಜೋರಾಗಿ ಒತ್ತಿ, ಲೆನ್ಸಿನ ಹಿಂಭಾಗಕ್ಕೂ ಮುಚ್ಚಳಗಳಿಗೂ ಊದಿ, ಲೆನ್ಸ್ ಹಾಕಿಬಿಡಿ. ಹಿಂಬದಿಯ ಮುಚ್ಚಳದ ಧೂಳೇ ತಿರುಗಿ ಒಳಗೆ ಬರುವುದು ಎಂಬುದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಬಾಯಲ್ಲಿ ಊದಿದರೆ ಎಂಜಲ ಹನಿ ಗಾಜಿಗೆ ಅಂಟುತ್ತದೆ. ಕ್ಯಾನಿನಲ್ಲಿ ಬರುವ ಗಾಳಿಯಲ್ಲಿ ಒತ್ತಡಕ್ಕೆ ತುಂಬಿದ ದ್ರವವೂ ಚಿಮ್ಮುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಿಡಿಸಿಕೊಂಡವರೂ ಉಂಟು. ಅದರ ಗಾಳಿಯಲ್ಲಿ ಎಣ್ಣೆ, ನೀರು ಎರಡೂ ಇರುತ್ತವೆ, ರಭಸಕ್ಕೆ ಶಟರ್ ಪರದೆ ಮಡಚಿಹೋದರೆ ರಿಪೇರಿ ಖರ್ಚು ಹಳೇ ಬಾಡಿಯ ಬೆಲೆಗೆ ಹತ್ತಿರ ಬರುತ್ತದೆ.

ಬ್ಲೋವರಿಗೂ ಜಗ್ಗದೆ ಉಳಿಯುವುದು ಅಂಟಿಕೊಂಡ ಧೂಳು, ಹೂವಿನ ಪರಾಗ, ನೀರು ಒಣಗಿದ ಕಲೆ, ಶಟರಿನಿಂದ ಸಿಡಿದ ಎಣ್ಣೆ. ಇವಕ್ಕೆ ಒದ್ದೆ ಸ್ವ್ಯಾಬ್ ಬೇಕು. ಎಣ್ಣೆಯ ಮಚ್ಚೆ ಗುಂಡಗೆ, ಅಂಚಿನಲ್ಲಿ ತೆಳು ಉಂಗುರದೊಂದಿಗೆ ಇರುತ್ತದೆ. ಧೂಳಿನದಕ್ಕೆ ಆಕಾರ ನೆಟ್ಟಗಿರುವುದಿಲ್ಲ, ಎಳೆಯಂತಿದ್ದರೆ ಬಟ್ಟೆಯ ನಾರು. 2012ರಲ್ಲಿ ಬಂದ ನಿಕಾನ್ ಡಿ600 ಕ್ಯಾಮೆರಾ ಸೆನ್ಸರಿನ ಮೇಲಿನ ಇಂಥ ಎಣ್ಣೆ, ಧೂಳಿನ ಮಚ್ಚೆಗಳಿಗೆ ಹೆಸರಾಯಿತು. ಎಷ್ಟು ಒರೆಸಿದರೂ ಶಟರ್ ಕಡೆಯಿಂದ ಮತ್ತೆ ಮತ್ತೆ ಕಲೆ ಬರುತ್ತಿತ್ತು. ಕಡೆಗೆ 2014ರಲ್ಲಿ ಕಂಪನಿ ಶಟರನ್ನೇ ಉಚಿತವಾಗಿ ಬದಲಿಸಿಕೊಡುವುದಾಗಿ ಹೇಳಿತು. ಸೆಕೆಂಡ್ ಹ್ಯಾಂಡ್ ಡಿ600 ಕೊಳ್ಳುವವರು ಶಟರ್ ಬದಲಾಗಿದೆಯೇ ಎಂದು ಕೇಳಿ, ಎಫ್/16ರ ಫೋಟೋ ತೆಗೆದೇ ವ್ಯಾಪಾರ ಮುಗಿಸಿ.

ಸ್ವ್ಯಾಬಿನ ಅಗಲ ಸೆನ್ಸರಿನ ಎತ್ತರಕ್ಕೆ ಸರಿಯಾಗಿರಬೇಕು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ಗೆ 24 ಮಿ.ಮೀ., ಅದಕ್ಕಿಂತ ಸಣ್ಣ ಎಪಿಎಸ್-ಸಿಗೆ 16 ಮಿ.ಮೀ. ಪ್ಯಾಕೆಟ್ ಒಡೆದ ಮೇಲೆ ತುದಿಯನ್ನು ಮುಟ್ಟಬೇಡಿ. ಸೆನ್ಸರಿಗೆಂದೇ ಬರುವ ದ್ರವದ ಎರಡು ಹನಿ ಸ್ವ್ಯಾಬಿನ ಅಂಚಿಗೆ ಹಾಕಿ, ಹೀರಿಕೊಳ್ಳಲು ಐದು ಸೆಕೆಂಡ್ ಬಿಡಿ. ಒಂದು ಬದಿಯಿಂದ ಇನ್ನೊಂದು ಬದಿಗೆ ನಿಲ್ಲಿಸದೆ ಎಳೆಯಿರಿ, ಸ್ವ್ಯಾಬಿನ ತುದಿ ಸ್ವಲ್ಪ ಬಾಗುವಷ್ಟು ಒತ್ತಡ ಸಾಕು. ಆ ಕೊನೆಯಲ್ಲಿ ಸ್ವ್ಯಾಬನ್ನು ತಿರುಗಿಸಿ, ಬಳಸದ ಮೈಯಿಂದ ವಾಪಸ್ ಬನ್ನಿ. ಮುಗಿಯಿತು, ಅದನ್ನು ಎಸೆಯಿರಿ. ಅದೇ ಸ್ವ್ಯಾಬಿನಿಂದ ಎರಡನೇ ಸಲ ಒರೆಸಿದರೆ ಈಗ ಹಿಡಿದ ಮರಳಿನ ಕಣವೇ ಗೀರು ಹಾಕುತ್ತದೆ. ಗೆರೆ ಗೆರೆಯಾಗಿ ಉಳಿದರೆ ದ್ರವ ಹೆಚ್ಚಾಗಿದೆ ಎಂದರ್ಥ. ಹೊಸ ಸ್ವ್ಯಾಬಿಗೆ ಒಂದೇ ಹನಿ ಹಾಕಿ ಇನ್ನೊಮ್ಮೆ ಎಳೆಯಿರಿ. ಕನ್ನಡಕ ಒರೆಸುವ ಸ್ಪ್ರೇ, ಸ್ಯಾನಿಟೈಸರ್, ಕಿಟಕಿ ಗಾಜಿನ ನೀಲಿ ದ್ರವ, ಕಿವಿಗೆ ಹಾಕುವ ಹತ್ತಿಕಡ್ಡಿ ಯಾವುದೂ ಬೇಡ. ಬ್ಲೋವರ್ ಹೊಡೆಯದೆ ನೇರ ಸ್ವ್ಯಾಬಿಗೆ ಹೋಗುವುದಂತೂ ಬೇಡವೇ ಬೇಡ.

ಕಲೆ ಎಲ್ಲಿದೆ ಎಂದು ಒಳಗೆ ಹುಡುಕುವಾಗ ನೆನಪಿಡಿ: ಕ್ಯಾಮೆರಾವನ್ನು ನಿಮ್ಮ ಕಡೆಗೆ ತಿರುಗಿಸಿ ನೋಡಿದರೆ, ಫೋಟೋದ ಮೇಲ್ಭಾಗದಲ್ಲಿ ಕಂಡ ಕಲೆ ಸೆನ್ಸರಿನ ಕೆಳಭಾಗದಲ್ಲಿರುತ್ತದೆ. ಎಡ ಎಡಕ್ಕೇ, ಬಲ ಬಲಕ್ಕೇ. ಮೇಲೆ ಕೆಳಗೆ ಮಾತ್ರ ಅದಲು ಬದಲು.

ಬಣ್ಣದ ಚುಕ್ಕೆ

ಕೆಂಪು, ಹಸಿರು, ನೀಲಿ, ಬಿಳಿ ಚುಕ್ಕೆಗಳು, ಅದೂ ರಾತ್ರಿಯ ಫೋಟೋಗಳಲ್ಲಿ, ಪ್ರತಿ ಸಲ ಅದೇ ಜಾಗದಲ್ಲಿ ಬಂದರೆ ಹಾಟ್ ಪಿಕ್ಸೆಲ್. ಒರೆಸಿದರೆ ಹೋಗುವುದಲ್ಲ. ಸೆನ್ಸರ್ ಬಿಸಿಯಾದಷ್ಟೂ, ಶಟರ್ ಹೆಚ್ಚು ಹೊತ್ತು ತೆರೆದಷ್ಟೂ, ಐಎಸ್‌ಒ ಏರಿದಷ್ಟೂ ಇವು ಜಾಸ್ತಿ. ಲೆನ್ಸಿಗೆ ಮುಚ್ಚಳ ಹಾಕಿ, ಐಎಸ್‌ಒ 800ರಲ್ಲಿ ಮೊದಲು 1/60 ಸೆಕೆಂಡ್, ಆಮೇಲೆ 30 ಸೆಕೆಂಡ್ ತೆಗೆದು ಹೋಲಿಸಿ. 30 ಸೆಕೆಂಡಿನದರಲ್ಲಿ ಹತ್ತಾರು ಕಂಡರೆ ಅದು ಸಹಜ, ಅದಕ್ಕೆಂದೇ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಇದೆ. ಅದು ಆನ್ ಇದ್ದಾಗ ಕ್ಯಾಮೆರಾ ಶಟರ್ ಮುಚ್ಚಿ ಅಷ್ಟೇ ಹೊತ್ತಿನ ಇನ್ನೊಂದು ಕತ್ತಲೆ ಫೋಟೋ ತೆಗೆದು, ಅದರಲ್ಲಿ ಕಂಡ ಚುಕ್ಕೆಗಳನ್ನು ಮೊದಲನೆಯದರಿಂದ ಕಳೆಯುತ್ತದೆ. 30 ಸೆಕೆಂಡಿನ ಫೋಟೋ ಆದಮೇಲೆ ಇನ್ನೂ 30 ಸೆಕೆಂಡ್ ಕ್ಯಾಮೆರಾ ಮಾತಾಡುವುದಿಲ್ಲ. ಹ್ಯಾಂಗ್ ಆಯಿತೆಂದು ಬ್ಯಾಟರಿ ಕೀಳಬೇಡಿ. ನಕ್ಷತ್ರಗಳ ಜಾಡು ಹಿಡಿಯುವಾಗ ಇದನ್ನು ಆಫ್ ಮಾಡಬೇಕು, ಇಲ್ಲದಿದ್ದರೆ ಜಾಡಿನ ನಡುನಡುವೆ ಖಾಲಿ ಬೀಳುತ್ತದೆ.

1/60ರಲ್ಲೂ ಉಳಿಯುವ ಚುಕ್ಕೆಗೆ ಪಿಕ್ಸೆಲ್ ಮ್ಯಾಪಿಂಗ್ ಮದ್ದು. ಒಲಿಂಪಸ್, ಪೆಂಟಾಕ್ಸ್ ಕ್ಯಾಮೆರಾಗಳ ಮೆನುವಿನಲ್ಲಿ ಇದು ಬಹಳ ಕಾಲದಿಂದ ಇದೆ, ಪ್ಯಾನಾಸೋನಿಕ್ ಇದನ್ನೇ ಪಿಕ್ಸೆಲ್ ರಿಫ್ರೆಶ್ ಎನ್ನುತ್ತದೆ. ಸೋನಿ, ನಿಕಾನ್, ಫ್ಯೂಜಿಫಿಲ್ಮ್‌ಗಳ ಈಚಿನ ಹಲವು ಮಾಡೆಲ್‌ಗಳಲ್ಲೂ ಬಂದಿದೆ. ಕೆಟ್ಟ ಪಿಕ್ಸೆಲ್ಲನ್ನು ಗುರುತು ಹಾಕಿಕೊಂಡು ಅಕ್ಕಪಕ್ಕದವುಗಳಿಂದ ಆ ಜಾಗ ತುಂಬುವುದೇ ಇದರ ಕೆಲಸ. ಫೋಟೋ ತೆಗೆದು ಬಿಸಿಯಾದ ಕ್ಯಾಮೆರಾವನ್ನು ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟು ಮಾಡಿ. ಮೆನುವಿನಲ್ಲಿ ಇಲ್ಲದಿದ್ದರೆ ಸರ್ವಿಸ್ ಸೆಂಟರಿನಲ್ಲಿ ಮಾಡಿಕೊಡುತ್ತಾರೆ. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲು) ತೆಗೆಯುವವರಿಗೆ ಇಷ್ಟೂ ಬೇಕಾಗದೆ ಹೋಗಬಹುದು, ಲೈಟ್‌ರೂಮಿನಂಥ ತಂತ್ರಾಂಶಗಳು ಫೈಲ್ ತೆರೆಯುವಾಗಲೇ ಇಂಥ ಚುಕ್ಕೆ ಅಳಿಸುತ್ತವೆ. ಜೆಪೆಗ್ ಮತ್ತು ವಿಡಿಯೋದಲ್ಲಿ ಮಾತ್ರ ಉಳಿಯುತ್ತವೆ.

ರಿಸೆಪ್ಷನ್, ಡಿಜೆ ರಾತ್ರಿಗಳಲ್ಲಿ ಲೇಸರ್ ದೀಪ ನೇರ ಲೆನ್ಸಿಗೆ ಹೊಡೆದ ಮೇಲೆ ಚುಕ್ಕೆಗಳ ಗೊಂಚಲೋ ಉದ್ದದ ಬಣ್ಣದ ಗೆರೆಯೋ ಶುರುವಾದರೆ ಸೆನ್ಸರ್ ಸುಟ್ಟಿದೆ. ಅದಕ್ಕೆ ಮ್ಯಾಪಿಂಗ್ ಸಾಲದು, ಸೆನ್ಸರನ್ನೇ ಬದಲಿಸಬೇಕು. ಲೇಸರ್ ಕಂಡರೆ ಲೆನ್ಸ್ ಬೇರೆ ಕಡೆ ತಿರುಗಿಸಿ. ಮಿರರ್‌ಲೆಸ್‌ನಲ್ಲಿ ಸೆನ್ಸರ್ ಸದಾ ತೆರೆದೇ ಇರುವುದರಿಂದ ಇನ್ನಷ್ಟು ಎಚ್ಚರ ಬೇಕು.

ಕ್ಯಾಮೆರಾದ್ದಲ್ಲದ ತಪ್ಪುಗಳು

ಮಳೆಗಾಲದ ರಾತ್ರಿ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ದುಂಡನೆಯ ಬೆಳ್ಳನೆ ಗುಳ್ಳೆಗಳು ತೇಲುತ್ತಿದ್ದರೆ, ಲೆನ್ಸಿಗೆ ತೀರಾ ಹತ್ತಿರವಿದ್ದ ಹನಿ ಅಥವಾ ಧೂಳಿಗೆ ಫ್ಲ್ಯಾಶಿನ ಬೆಳಕು ಬಿದ್ದಿದೆ. ವಾಟ್ಸ್ಆ್ಯಪಿನಲ್ಲಿ ಇವನ್ನು ಆತ್ಮಗಳೆಂದು ಹಂಚುವವರಿದ್ದಾರೆ. ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡಂತೆ ಇದ್ದಷ್ಟೂ ಇದು ಹೆಚ್ಚು. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ ಒಂದು ಮೊಳ ಪಕ್ಕಕ್ಕೆ ಹಿಡಿದರೆ ಆತ್ಮಗಳು ಹೊರಟುಹೋಗುತ್ತವೆ.

ಕಲ್ಯಾಣ ಮಂಟಪದ ಫೋಟೋಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬರುವುದಕ್ಕೆ ಕಾರಣ ದೀಪ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್, ಅಗ್ಗದ ಟ್ಯೂಬು, ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೆನ್ಸರ್ ಸಾಲು ಸಾಲಾಗಿ ಓದುವಾಗ ಕೆಲವು ಸಾಲು ಬೆಳಕಿನಲ್ಲಿ, ಕೆಲವು ಮಂಕಿನಲ್ಲಿ ಸಿಗುತ್ತವೆ. ಶಟರನ್ನು 1/100 ಅಥವಾ 1/50ಕ್ಕೆ ತನ್ನಿ, ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಹಾಕಿ, ಆ್ಯಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ. ವೇದಿಕೆಯ ಹಿಂದಿನ ಎಲ್‌ಇಡಿ ಗೋಡೆಯದು ಬೇರೆ ಕತೆ. ಅದು ಇನ್ನೂ ವೇಗವಾಗಿ ಮಿನುಗುವುದರಿಂದ 1/100 ಸಾಲದೇ ಹೋಗಬಹುದು. ಪಟ್ಟಿ ಮಾಯವಾಗುವವರೆಗೆ ಶಟರನ್ನು ಒಂದೊಂದೇ ಹಂತ ಇಳಿಸುತ್ತಾ ನೋಡಿ. ಫ್ಲ್ಯಾಶ್ ಹಾಕಿದಾಗ ಮಾತ್ರ ಒಂದು ಅಂಚಿಗೆ ದಪ್ಪ ಕಪ್ಪು ಪಟ್ಟಿ ಬಂದರೆ ಶಟರ್ ವೇಗ ಸಿಂಕ್ ಮಿತಿ (ಫ್ಲ್ಯಾಶಿನ ಜೊತೆ ಬಳಸಬಹುದಾದ ಅತಿ ಹೆಚ್ಚಿನ ವೇಗ) ದಾಟಿದೆ, 1/200ಕ್ಕೋ 1/160ಕ್ಕೋ ಇಳಿಸಿ.

ರೇಷ್ಮೆ ಸೀರೆಯ, ಸಣ್ಣ ಚೌಕಳಿ ಅಂಗಿಯ ಮೇಲೆ ಇಲ್ಲದ ಬಣ್ಣದ ಅಲೆ ಎದ್ದರೆ ಅದು ಮೊಆರೆ. ನೇಯ್ಗೆಯ ಎಳೆಗಳೂ ಪಿಕ್ಸೆಲ್ ಸಾಲುಗಳೂ ಹೆಚ್ಚುಕಮ್ಮಿ ಒಂದೇ ಅಂತರಕ್ಕೆ ಬಂದಾಗ ಹೀಗಾಗುತ್ತದೆ, ಇದನ್ನು ತಗ್ಗಿಸಲೆಂದು ಸೆನ್ಸರಿನ ಮುಂದೆ ಇಡುವ ಲೋ ಪಾಸ್ ಫಿಲ್ಟರ್ ಇಲ್ಲದ ಕ್ಯಾಮೆರಾಗಳಲ್ಲಿ ಜಾಸ್ತಿ. ಎರಡು ಹೆಜ್ಜೆ ಮುಂದೋ ಹಿಂದೋ ಹೋಗಿ ಇನ್ನೊಂದು ತೆಗೆಯಿರಿ. ರಾತ್ರಿಯ ಬೀದಿದೀಪದ ಎದುರು ತಲೆಕೆಳಗಾದ ಹಸಿರು ಚುಕ್ಕೆಗಳು ಬಂದರೆ ಲೆನ್ಸಿನ ಮುಂದಿನ ಯುವಿ ಫಿಲ್ಟರ್ ಬಿಚ್ಚಿ ನೋಡಿ, ಬಹಳ ಸಲ ಅದೇ ಕಾರಣ.

ಫೋಟೋ ಅರ್ಧ ಸರಿಯಿದ್ದು ಉಳಿದರ್ಧ ಬೂದು, ಇಲ್ಲವೇ ನೇರಳೆ ಪಟ್ಟೆಗಳಾದರೆ ಮೊದಲ ಅನುಮಾನ ಕಾರ್ಡು ಅಥವಾ ಕಾರ್ಡ್ ರೀಡರಿನ ಮೇಲೆ. ಆ ಕಾರ್ಡಿಗೆ ಇನ್ನೊಂದು ಫೋಟೋ ಕೂಡ ಬರೆಯಬೇಡಿ. ಬೇರೆ ರೀಡರಿನಲ್ಲಿ ಮತ್ತೆ ಕಾಪಿ ಮಾಡಿ, ಸರಿ ಬಂದರೆ ರೀಡರಿನ ತಪ್ಪು. ಬರದಿದ್ದರೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಸಿಕ್ಕಷ್ಟು ಎತ್ತಿಕೊಂಡು ಕಾರ್ಡಿಗೆ ಕೈಮುಗಿಯಿರಿ.

ಲೆನ್ಸಿನೊಳಗಿನ ಬೂಷ್ಟು

ಲೆನ್ಸಿನೊಳಗೆ ನಾಲ್ಕು ಧೂಳಿನ ಕಣ ಕಂಡರೆ ಅದಕ್ಕಾಗಿ ಲೆನ್ಸ್ ಬಿಚ್ಚಿಸಬೇಡಿ, ಫೋಟೋದಲ್ಲಿ ಅದು ಕಾಣುವುದೇ ಅಪರೂಪ. ಬೂಷ್ಟು ಹಾಗಲ್ಲ. ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಬೂಷ್ಟು. ಫೋಟೋದಲ್ಲಿ ಇದು ಮಚ್ಚೆಯಾಗಿ ಬರುವುದಿಲ್ಲ, ಕಾಂಟ್ರಾಸ್ಟ್ ಸತ್ತು, ದೀಪಗಳ ಸುತ್ತ ಮಂಜು ಕವಿದಂತಾಗುತ್ತದೆ. ಬಿಟ್ಟರೆ ಗಾಜಿನ ಲೇಪವನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಉಳಿಯುತ್ತದೆ. ಒಳಗಿನ ಗಾಜು ಬಿಚ್ಚಿ ಜೋಡಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಬೆಂಗಳೂರಿನಲ್ಲಿ ಜೂನಿನಿಂದ ಮಳೆಗಾಲ ಮುಗಿಯುವವರೆಗೆ ಎಚ್ಚರ ಬೇಕು. ಮರದ ಬೀರು, ಚರ್ಮದ ಕೇಸು, ಅಟ್ಟದ ಮೇಲಿನ ಬ್ಯಾಗು ಮೂರೂ ಬೂಷ್ಟಿಗೆ ಇಷ್ಟವಾದ ಜಾಗ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಕಾಲು ಕಿಲೋ, ತೇವಾಂಶ ಅಳೆಯುವ ಒಂದು ಸಣ್ಣ ಡಿಜಿಟಲ್ ಹೈಗ್ರೊಮೀಟರ್ ಇದ್ದರೆ ಸಾಕು, ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮೀಟರ್ ಸಿಗುತ್ತದೆ. ತೇವಾಂಶ ಶೇ. 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಬೂಷ್ಟಿಗೆ ದಾರಿ, 30ಕ್ಕಿಂತ ಇಳಿದರೆ ರಬ್ಬರು, ಗ್ರೀಸು ಒಣಗುವ ಭಯ. ಜೆಲ್ಲಿನ ಬಣ್ಣ ನೀಲಿಯಿಂದ ಗುಲಾಬಿಗೆ, ಕಿತ್ತಳೆಯದಾದರೆ ಹಸಿರಿಗೆ ತಿರುಗಿದಾಗ ಓವನ್ನಿನಲ್ಲಿ ಸುಮಾರು 110 ಡಿಗ್ರಿಗೆ ಎರಡು ಗಂಟೆ ಕಾಯಿಸಿ, ಆರಿದ ಮೇಲೆ ಹಾಕಿ. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅಡುಗೆಯ ಪಾತ್ರೆಯಲ್ಲಿ ಕಾಯಿಸಬೇಡಿ, ಕೊಳ್ಳುವಾಗಲೇ ಕಿತ್ತಳೆಯದನ್ನು ಕೇಳಿ.

ಆಗಲೇ ತೆಗೆದ ಫೋಟೋಗಳು

ಕಲೆ ಬಂದ ಇನ್ನೂರು ಫೋಟೋ ಇದ್ದರೆ ಒಂದೊಂದನ್ನೇ ತಿದ್ದುತ್ತ ಕೂರಬೇಡಿ. ಆಕಾಶ ಹೆಚ್ಚಿರುವ ಒಂದನ್ನು ಹೀಲಿಂಗ್ ಟೂಲಿನಲ್ಲಿ ಸರಿಮಾಡಿ, ಆ ತಿದ್ದುಪಡಿಯನ್ನು ಉಳಿದವಕ್ಕೆ ಸಿಂಕ್ ಮಾಡಿ, ಆಮೇಲೆ ಮುಖ, ಬರಹ ಇರುವಲ್ಲಿ ಎಡವಟ್ಟಾಗಿದೆಯೇ ಎಂದು ಕಣ್ಣಾಡಿಸಿ. ಅಡ್ಡ ಫೋಟೋ, ಉದ್ದ ಫೋಟೋಗಳನ್ನು ಬೇರೆ ಬೇರೆ ಗುಂಪು ಮಾಡಿಕೊಂಡರೆ ಗೊಂದಲವಿಲ್ಲ. ಕಾಂಟ್ರಾಸ್ಟ್ ಹೆಚ್ಚಿಸುವ ಡಿಹೇಜ್, ಕ್ಲ್ಯಾರಿಟಿ ಏರಿಸಿದಾಗ ಅಡಗಿದ್ದ ಕಲೆಯೂ ಮೇಲೇಳುತ್ತದೆ, ಹಾಗಾಗಿ ಅವನ್ನು ಹಾಕಿದ ಮೇಲೆ ಇನ್ನೊಮ್ಮೆ ನೋಡಿ. ನಿಕಾನ್‌ನಲ್ಲಿ ಡಸ್ಟ್ ಆಫ್, ಕ್ಯಾನನ್‌ನಲ್ಲಿ ಡಸ್ಟ್ ಡಿಲೀಟ್ ಡೇಟಾ ಎಂಬ ಸೌಲಭ್ಯವಿದೆ: ಬಿಳಿ ಹಾಳೆಯ ಫೋಟೋ ಒಂದನ್ನು ಮೊದಲೇ ಕೊಟ್ಟಿದ್ದರೆ ಆಯಾ ಕಂಪನಿಯ ತಂತ್ರಾಂಶ ಆ ಜಾಗಗಳನ್ನು ತಾನೇ ಅಳಿಸುತ್ತದೆ.

ಸರ್ವಿಸ್ ಸೆಂಟರಿಗೆ ಹೋಗುವುದಾದರೆ ಎಫ್/16ರ ಪರೀಕ್ಷೆಯ ಫೋಟೋ ಕಾರ್ಡಿನಲ್ಲಿರಲಿ, ಕಲೆಗಳ ಜಾಗ ತೋರಿಸಿ ರಸೀದಿಯಲ್ಲಿ ಬರೆಸಿ. ಗೀರು ಮೊದಲೇ ಇತ್ತೇ ಎಂಬ ಜಗಳ ಆಮೇಲೆ ಬರುವುದಿಲ್ಲ. ವಾಪಸ್ ತಗೊಳ್ಳುವಾಗ ಕೌಂಟರಿನಲ್ಲೇ ನಿಂತು, ನಿಮ್ಮದೇ ಲೆನ್ಸ್ ಹಾಕಿ, ಬಿಳಿ ಗೋಡೆಗೆ ಎಫ್/16ರಲ್ಲಿ ಇನ್ನೊಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಆಮೇಲೆ ಸಹಿ ಹಾಕಿ.